ಸಾಸಿವೆಗಿಂತ ಸಣ್ಣ ಹೂವು

ಕಮಲಾಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಮರಳುತ್ತೇನೆ. ರಕ್ತ, ಕಫಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ನೋಡಿದ್ದನ್ನು ಬರೆದುಕೊಡುವುದು. ವರ್ಷಗಟ್ಟಲೆ ಇದನ್ನೇ ಮಾಡಿದವಳಿಗೆ ಸಣ್ಣ ವಸ್ತುಗಳ ಬಗ್ಗೆ ಯಾವ ಬೆರಗೂ ಉಳಿದಿರಲಿಲ್ಲ. ನನ್ನ ಪಾಲಿಗೆ ಸಣ್ಣದು ಎಂದರೆ ರೋಗ. ಇದೆಯೋ, ಇಲ್ಲವೋ, ಅಷ್ಟೇ.

ಆ ಗಿಡ ನನ್ನ ಕೈಗೆ ಬಂದದ್ದು ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದ ಅಕ್ಕನಿಂದ. ಗಿಡಗಳೆಂದರೆ ಅವರಿಗೆ ಹುಚ್ಚು. ದೂರದ ಜಿಲ್ಲೆಗೆ ವರ್ಗವಾಗಿ ಹೊರಡುವ ದಿನ, ಅಂಗೈಯಗಲದ ಮರದ ತುಂಡೊಂದನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ತುಂಡಿಗೆ ದಾರದಿಂದ ಕಟ್ಟಿದ ಪುಟ್ಟ ಹಸಿರು ಗಿಡ. ಚಪ್ಪಟೆ ಎಲೆಗಳು ಒಂದರೊಳಗೊಂದು ಸೇರಿಕೊಂಡು, ಯಾರೋ ಬೊಂಬೆಗೆ ಜಡೆ ಹೆಣೆದು ಬಿಟ್ಟಂತಿತ್ತು.

“ಇದು ಆರ್ಕಿಡ್ ಅದ ನೋಡು. ನರ್ಸರಿಯಿಂದ ತರಿಸಿದ್ದೆ. ಮಣ್ಣು ಬೇಕಾಗಿಲ್ಲ, ಗಾಳ್ಯಾಗ ಬದುಕ್ತದ. ಲಾರ್ಯಾಗ ಸಾಮಾನಿನ ಜೋಡಿ ಒಯ್ದ್ರ ಸತ್ತು ಹೋಗ್ತದ. ನೀ ಇಟ್ಕೋ,” ಎಂದರು.

“ಹೂ ಬಿಡ್ತದೇನ್ರಿ ಅಕ್ಕಾ?”

“ಬಿಡ್ತದಂತ. ನಾನೂ ಇನ್ನಾ ನೋಡಿಲ್ಲ. ಬಿಟ್ರೂ ಕಣ್ಣಿಗಿ ಕಾಣಂಗಿಲ್ಲಂತ, ಸಾಸಿವಿಕಿಂತ ಸಣ್ಣ.”

ಕಣ್ಣಿಗೆ ಕಾಣದ ಹೂವಿನ ಗಿಡ ಯಾರಿಗೆ ಬೇಕು ಎಂದು ಒಳಗೊಳಗೇ ಅಂದುಕೊಂಡೆ. ಆದರೆ ಅಕ್ಕನ ಕಣ್ಣು ತುಂಬಿತ್ತು. ಬೇಡ ಎನ್ನಲಾಗಲಿಲ್ಲ. ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನಮ್ಮ ಮನೆ ಇರುವುದು ಕಲಬುರಗಿಯ ಜಗತ್ ವೃತ್ತದ ಹಿಂದಿನ ಗಲ್ಲಿಯಲ್ಲಿ. ಅಪ್ಪ ಮತ್ತು ನಾನು, ಇಬ್ಬರೇ. ಅವ್ವ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಗೌಂಡಿ. ಈ ಊರಿನ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದವನು, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು ಹಾಸಿದವನು. ಮೊಣಕಾಲು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದ. ದೊಡ್ಡ ಕಲ್ಲುಗಳ ನಡುವೆ ಆಯುಷ್ಯ ಕಳೆದ ಅವನು ನನ್ನ ಕೈಯಲ್ಲಿದ್ದ ಮರದ ಚೂರನ್ನು ತಿರುಗಿಸಿ ನೋಡಿ, “ಒಲಿಗಿ ಹಚ್ಚಲಕ್ಕ ತಂದೀಯೇನು?” ಎಂದ.

ಅದಕ್ಕೊಂದು ಜಾಗ ಹುಡುಕುವುದೇ ದೊಡ್ಡ ಪಾಡಾಯಿತು. ಮಾಳಿಗೆಯ ಮೇಲೆ ಬಿಸಿಲು, ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ. ಕಡೆಗೆ ಪಡಸಾಲೆಯ ಮೂಲೆಯಲ್ಲಿ, ಕುಡಿಯುವ ನೀರಿನ ರಂಜಣಗಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮಣ್ಣಿನ ಪಾತ್ರೆ ಬೆವರುತ್ತಲೇ ಇರುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅದೇ. ಪಕ್ಕದ ಕಿಟಕಿಯಿಂದ ಬೆಳಕೂ ಬರುತ್ತಿತ್ತು. ಬೋರಿನ ನೀರು ಹಾಕಿದರೆ ಎಲೆಯ ಮೇಲೆ ಬಿಳಿ ಸುಣ್ಣ ಕಟ್ಟುತ್ತಿತ್ತು. ಹಾಗಾಗಿ ಕುಡಿಯಲು ತರಿಸುವ ಕ್ಯಾನಿನ ನೀರನ್ನೇ ಸಣ್ಣ ಪಿಚಕಾರಿಗೆ ತುಂಬಿ ಸಿಂಪಡಿಸತೊಡಗಿದೆ.

“ನಾವು ಬೋರಿನ ನೀರಾಗ ಜಳಕ ಮಾಡ್ಬೇಕು, ನಿನ್ನ ಗಿಡಕ್ಕ ಫಿಲ್ಟರ್ ನೀರು! ಭಾರೀ ನವಾಬ ಬಂದಾನ ಮನಿಗಿ,” ಎಂದು ಅಪ್ಪ ನಕ್ಕ. ಅಂದಿನಿಂದ ಅದರ ಹೆಸರೇ ನವಾಬ ಆಯಿತು.

ಆ ಬೇಸಿಗೆ ನವಾಬನನ್ನು ಹಿಂಡಿಬಿಟ್ಟಿತು. ಕಲಬುರಗಿಯ ಬಿಸಿಲು ಗೋಡೆ ದಾಟಿ ಒಳಗೆ ಬರುತ್ತದೆ. ಮಧ್ಯಾಹ್ನ ಹಾಸಿಗೆಯೂ ಸುಡುತ್ತದೆ. ದಪ್ಪನೆಯ ಎಲೆಗಳು ಮೊದಲು ಸುಕ್ಕುಗಟ್ಟಿದವು, ಆಮೇಲೆ ತುದಿಯಿಂದ ಹಳದಿಯಾಗಿ ಒಂದೊಂದೇ ಕಳಚಿದವು. ಅದೇ ಹೊತ್ತಿಗೆ ನನಗೆ ತರಬೇತಿಗೆಂದು ಪರ ಊರಿಗೆ ಹೋಗಲು ಆದೇಶ ಬಂತು. ಹೊರಡುವಾಗ ಗಿಡದ ಕಡೆ ನೋಡಿದೆ. ಉಳಿಯಲಾರದು ಅನ್ನಿಸಿತು. ಅಪ್ಪನಿಗೆ ಏನೂ ಹೇಳಲಿಲ್ಲ. ಮೊಣಕಾಲು ನೋವಿನವನಿಗೆ ಇನ್ನೊಂದು ಕೆಲಸ ಯಾಕೆ ಎಂದುಕೊಂಡೆ.

ತರಬೇತಿ ಮುಗಿಸಿ ಬಂದು ಬಾಗಿಲು ತೆಗೆದರೆ, ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಇಳಿಬಿದ್ದಿತ್ತು. ಕಿಟಕಿಯಿಂದ ರಂಜಣಗಿಯ ಮೇಲಿನ ಮೊಳೆಯವರೆಗೆ ಹಗ್ಗ ಕಟ್ಟಿ, ಅದರ ಮೇಲೆ ಚೀಲ ಹೊದಿಸಿ, ಗಿಡಕ್ಕೊಂದು ಪುಟ್ಟ ಗುಡಿಸಲನ್ನೇ ಮಾಡಿದ್ದ ಅಪ್ಪ. ಹಣಕಿ ನೋಡಿದೆ. ಒಂದೇ ಒಂದು ಎಲೆಯ ಜಡೆ ಉಳಿದಿತ್ತು, ಆದರೆ ಹಸಿರಾಗಿತ್ತು.

“ಅಪ್ಪಾ, ಇದನ್ಯಾರು ಹೇಳಿಕೊಟ್ರು ನಿನಗ?”

“ಇದಕ್ಕ ಯಾರ ಹೇಳ್ಬೇಕವ್ವಾ? ಹೊಸಾ ಸ್ಲ್ಯಾಬಿಗಿ ಕ್ಯೂರಿಂಗ್ ಹ್ಯಾಂಗ ಮಾಡ್ತೀವಿ? ಗೋಣಿ ಹಾಸಿ ನೀರು ಹೊಡೀತೀವಿ. ಇಲ್ಲಂದ್ರ ಬಿರುಕು ಬಿಡ್ತದ. ಹಂಗೇ ಇದೂ ಅಂತ ಮಾಡ್ದೆ.” ಗೋಣಿಯ ಅಂಚು ಸರಿಪಡಿಸುತ್ತ, “ಒಬ್ಬನೇ ಕುಂತು ಬ್ಯಾಸರಾಗಿತ್ತು. ಅದೂ ಒಂದೇ ಇತ್ತು, ನಾನೂ ಒಬ್ಬನೇ ಇದ್ದೆ,” ಎಂದ.

ಮಳೆ ಬಂತು. ಗಾಳಿಯಲ್ಲಿ ಹಸಿ ಹತ್ತಿದ ಮೇಲೆ ಜಡೆಯ ಬುಡದಲ್ಲಿ ಹೊಸ ಚಿಗುರು ಮೂಡಿತು. ಆಮೇಲೆ ಒಂದು ದಿನ ಎಲೆಗಳ ನಡುವಿನಿಂದ ಹೊಲಿಗೆಯ ದಾರದಷ್ಟು ತೆಳ್ಳನೆಯ ಎಳೆ ಹೊರಬಂದು ಕೆಳಗೆ ಬಾಗಿತು. ಬೇರಿರಬೇಕು ಎಂದುಕೊಂಡೆ. ಅದು ಉದ್ದವಾಗುತ್ತ ಹೋದಂತೆ ಮೈತುಂಬ ಗಸಗಸೆ ಅಂಟಿಸಿದಂತೆ ಮೊಗ್ಗುಗಳು ಕಾಣಿಸಿದವು. ಹೂಗೊಂಚಲುಗಳು ಬುಡದಿಂದ ಅರಳುತ್ತ ಮೇಲೆ ಹೋಗುವುದನ್ನು ನೋಡಿದ್ದೆ. ಇದು ತಿರುವುಮುರುವು, ಕೆಳಗೆ ಜೋತ ತುದಿಯಿಂದ ಶುರುವಾಗಿ ಬುಡದ ಕಡೆಗೆ, ಸುತ್ತು ಸುತ್ತಾಗಿ ಅರಳತೊಡಗಿತು. ಇಟ್ಟಿಗೆಯ ಬಣ್ಣ. ಬರಿಗಣ್ಣಿಗೆ ಇಟ್ಟಿಗೆಯ ಪುಡಿ ಮೆತ್ತಿದಂತೆಯೇ ಇತ್ತು.

ಅಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದ. “ಧೂಳು ಕುಂತದ ಅಷ್ಟೇ,” ಎಂದ. ಗೋಣಿ ಕಟ್ಟಿ ಉಳಿಸಿದವನ ದನಿಯಲ್ಲಿ ಸಣ್ಣ ನಿರಾಸೆ ಇತ್ತು.

ಮರುದಿನ ಚಿಮಟಿಗೆಯಿಂದ ತುದಿಯ ಒಂದು ಹೂವನ್ನು ಬಿಡಿಸಿ, ಒದ್ದೆ ಹತ್ತಿಯ ಮೇಲಿಟ್ಟು, ಸಣ್ಣ ಡಬ್ಬಿಯಲ್ಲಿ ಕಮಲಾಪುರಕ್ಕೆ ಒಯ್ದೆ. ಊಟದ ಬಿಡುವಿನಲ್ಲಿ ಗಾಜಿನ ಪಟ್ಟಿಯ ಮೇಲಿಟ್ಟು, ಅತಿ ಕಡಿಮೆ ಶಕ್ತಿಯ ಮಸೂರ ತಿರುಗಿಸಿ ಕಣ್ಣಿಟ್ಟೆ. ಬರೀ ಕಪ್ಪು ನೆರಳು. ಕೆಳಗಿನ ಬೆಳಕು ಹೂವನ್ನು ದಾಟುತ್ತಿರಲಿಲ್ಲ. ಮೊಬೈಲಿನ ಟಾರ್ಚು ಹಚ್ಚಿ ಮೇಲಿನಿಂದ, ಓರೆಯಾಗಿ ಬೆಳಕು ಬಿಟ್ಟೆ.

ಆ ಗಳಿಗೆಯನ್ನು ಹೇಗೆ ಹೇಳಲಿ? ಧೂಳಿನ ಕಣ ಒಮ್ಮೆಲೇ ಹೂವಾಗಿ ಎದುರಿಗೆ ನಿಂತಿತು. ಅರೆಬರೆ ಹೂವಲ್ಲ, ಪೂರ್ತಿ ಹೂವು. ಮೂರು ಹೊರದಳಗಳು ಹಿಂದಕ್ಕೆ ಬಾಗಿದ್ದವು. ಅವುಗಳ ನಡುವೆ ಎರಡು ತೆಳ್ಳನೆಯ ಪಕಳೆಗಳು, ಗಾಜಿನ ಬಳೆಯ ಚೂರಿನಂತೆ ಬೆಳಕು ಹಾಯುವಂಥವು. ಮುಂದೆ ಚಾಚಿದ ತುಟಿಯ ಅಂಚಿಗೆ, ಸೆರಗಿಗೆ ಕುಚ್ಚು ಕಟ್ಟಿದ ಹಾಗೆ, ಸಣ್ಣ ಎಳೆಗಳ ಸಾಲು. ಒಳಗೆ ನಟ್ಟನಡುವೆ ಪುಟ್ಟದೊಂದು ಕಂಬ, ಅದರ ತಲೆಯ ಮೇಲೆ ಹಳದಿ ಟೊಪ್ಪಿಗೆ. ಪಕಳೆಯ ಮೈಯೆಲ್ಲ ಸಕ್ಕರೆ ಹರಡಿದಂತೆ ಹೊಳೆಯುತ್ತಿತ್ತು. ಇಷ್ಟು ವರ್ಷ ಇದೇ ಕಣ್ಣಿನಿಂದ, ಇದೇ ಕೊಳವೆಯೊಳಗೆ ಬೇಕಾದ್ದನ್ನಷ್ಟೇ ಹುಡುಕಿ ಎದ್ದುಬಂದಿದ್ದೆ. ಹುಡುಕದೆ ಇದ್ದಾಗ ಕಾಣುವುದು ಏನೆಂದು ನನಗೆ ಗೊತ್ತೇ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಮುದುಕಿಯೊಬ್ಬಳು ಜ್ವರದ ರಿಪೋರ್ಟಿಗೆ ಕಾಯುತ್ತಿದ್ದಳು. ಹೊಲದ ಕೂಲಿಗೆ ಹೋಗುವವಳು. ಯಾರಿಗಾದರೂ ತೋರಿಸದೆ ಇರಲು ನನ್ನಿಂದಾಗಲಿಲ್ಲ. ಕರೆದೆ. ಅವಳು ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿ, ತಲೆ ಎತ್ತಿದಳು.

“ಯವ್ವಾ, ಏನಿದು?”

“ಹೂವಮ್ಮಾ. ನೋಡು, ಇದೇ.” ಪಟ್ಟಿಯನ್ನು ಹೊರಗೆ ತೆಗೆದು ತೋರಿಸಿದೆ.

ಅವಳು ಪಟ್ಟಿಯ ಮೇಲಿನ ಕಣವನ್ನು ನೋಡಿದಳು, ನನ್ನ ಮುಖ ನೋಡಿದಳು. “ಇಷ್ಟ್ ಸಣ್ಣದಕ್ಕ ಇಷ್ಟ್ಯಾಕ ಶಿಂಗಾರ ಮಾಡ್ಯಾನವ್ವಾ ದೇವರು?” ಎಂದು ಕೇಳಿದಳು. ಪಟ್ಟಿಯನ್ನು ಮತ್ತೆ ಮಸೂರದ ಕೆಳಗಿಟ್ಟೆ. ಇನ್ನೊಮ್ಮೆ ನೋಡುತ್ತೇನೆ ಎಂದು ಬಗ್ಗಿದಳು.

ಅಪ್ಪನಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಡಾಕ್ಟರ ಅನುಮತಿ ಕೇಳಿ, ರೋಗಿಗಳು ಕಡಿಮೆ ಇರುವ ದಿನ ನೋಡಿ, ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನಾನು ಕೆಲಸ ಮಾಡುವ ಜಾಗಕ್ಕೆ ಅಪ್ಪ ಬಂದದ್ದು ಅದೇ ಮೊದಲು. ತೊಡೆಯ ಮೇಲೆ ಹೂವಿನ ಡಬ್ಬಿ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿಯುತ್ತಿದ್ದ.

ಸ್ಟೂಲಿನ ಮೇಲೆ ಕೂರಿಸಿ, ಬೆಳಕು ಹೊಂದಿಸಿ ಕೊಟ್ಟೆ. “ಏನೂ ಕಾಣವಲ್ದು, ನನ್ನ ರೆಪ್ಪಿ ಕೂದಲಾ ಕಾಣ್ಲಕತ್ತಾವ,” ಎಂದ. “ಜರಾ ಹಿಂದಕ್ಕ ಸರಿ,” ಎಂದೆ. ಸರಿದ.

ಅವನ ಒರಟು ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು.

“ಇದು ಯಾ ಉಳಿ ಇದ್ದೀತು,” ಎಂದ ಕಡೆಗೆ, ಕಣ್ಣು ತೆಗೆಯದೆ. “ಯವ್ವಾ, ಯಾ ಉಳಿಯಿಂದ ಇದನ್ನ ಬಿಡಿಸ್ಯಾರ? ಒಂದ್ ಕಡೆ ಹೆಚ್ಚಿಲ್ಲ, ಒಂದ್ ಕಡೆ ಕಮ್ಮಿ ಇಲ್ಲ. ಗುಂಡು ಹಿಡಿದು ನೋಡಿದಂಗ ಅದ ಅಲ್ಲ.” ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಅದು. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. “ದಿನಾ ನೀ ಇದರಾಗ ಏನ್ ನೋಡ್ತಿ?”

ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. “ತೋರಸ್ತೀನಿ, ಬೆರಳು ಕೊಡು,” ಎಂದೆ. ಸೂಜಿ ಚುಚ್ಚಿ, ರಕ್ತದ ಸಣ್ಣ ಹನಿಯನ್ನು ಉಪ್ಪುನೀರಿನ ದ್ರಾವಣದಲ್ಲಿ ಬೆರೆಸಿ, ತೆಳ್ಳನೆಯ ಗಾಜು ಮುಚ್ಚಿ, ದೊಡ್ಡ ಮಸೂರದ ಕೆಳಗಿಟ್ಟೆ. ಅವನು ಬಗ್ಗಿದ. ಹೊಂಬಣ್ಣದ ದುಂಡು ಬಿಲ್ಲೆಗಳು ಗುಂಪು ಗುಂಪಾಗಿ ತೇಲುತ್ತಿರುವುದು ಅವನಿಗೆ ಕಂಡಿರಬೇಕು.

“ಇವ್ ಅಡ್ಡಾಡ್ಲಕತ್ತಾವಲ್ಲ!”

“ಹೂಂ. ನಿನ್ನ ರಕ್ತ ಅದು.”

“ಇಷ್ಟು ಮಂದಿ ನನ್ನೊಳಗ ಅದಾರ?” ಎಂದ ಅಪ್ಪ. ಎದೆಯ ಮೇಲೆ ಕೈಯಿಟ್ಟುಕೊಂಡ. ನಾನೂ ಅವನ ಪಕ್ಕದಲ್ಲಿ ಕೂತೆ. ನನ್ನ ಕೆಲಸವನ್ನು ಯಾರೋ ಮೊದಲ ಸಲ ನನಗೇ ತೋರಿಸಿಕೊಟ್ಟಂತೆ ಆಗಿತ್ತು.

ಬಸ್ ನಿಲ್ದಾಣದಲ್ಲಿ ಕೆಂಬಾಳೆಹಣ್ಣು ಕೊಂಡೆವು. ಅಪ್ಪ ಸಿಪ್ಪೆಯನ್ನು ತಿರುವಿ ತಿರುವಿ ನೋಡುತ್ತ, ತಿನ್ನುವುದನ್ನೇ ಮರೆತಿದ್ದ.

ಆ ಹೂವಿನ ಎಳೆ ಕೆಲವು ವಾರಗಳಲ್ಲಿ ಒಣಗಿತು. ಈಗ ಗಿಡಕ್ಕೆ ಹೊಸ ಜಡೆಗಳು ಬಂದಿವೆ. ಈ ಮಳೆಗಾಲದಲ್ಲಿ ಮತ್ತೆ ಹೂಬಿಟ್ಟಿದೆ. ಮೊನ್ನೆ ಕೆಲಸ ಮುಗಿಸಿ ಬಂದಾಗ ಪಕ್ಕದ ಮನೆಯ ಖಾಲಾ ಮೂಲೆಯಲ್ಲಿ ಬಗ್ಗಿ ನಿಂತಿದ್ದರು. ಅವರ ಕೈಯಲ್ಲಿ ಅಪ್ಪ ಹೊಸದಾಗಿ ತಂದ ಭೂತಗನ್ನಡಿ. ಅಪ್ಪ ಟಾರ್ಚು ಹಿಡಿದಿದ್ದ.

“ಉಸುರು ಬಿಡಬ್ಯಾಡ್ರಿ ಖಾಲಾ, ಅಳ್ಳಾಡ್ತಾವ,” ಎಂದು ಪಿಸುಗುಟ್ಟುತ್ತಿದ್ದ.

ಖಾಲಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನು ಚಪ್ಪಲಿಯ ಸದ್ದಾಗದಂತೆ ಬಾಗಿಲಲ್ಲೇ ನಿಂತೆ.