ಹಜೀರಾಬೀಯ ಎರಡು ಡಬ್ಬಿ

ಹರಿಹರದ ಹಮಾಲರ ಸಂಘ ಹಜೀರಾಬೀಗೆ ಮೂರು ಚಮಚ ಸಕ್ಕರೆ ಬಾಕಿ ಉಳಿಸಿಕೊಂಡಿದೆ. ಸಂಘ ಕೈಕೊಡುವಂಥದ್ದಲ್ಲ. ಧರಣಿಯ ಶಾಮಿಯಾನದವನಿಗೆ, ಮೈಕಿನವನಿಗೆ, ಹೂವಿನ ಹಾರದವನಿಗೆ ಎಲ್ಲ ಚುಕ್ತಾ ಆಗಿದೆ. ಇದೊಂದು ಮಾತ್ರ ನಿಂತಿದೆ. ತೀರಿಸಲು ಹೋದರೆ ಆಕೆ ತಗೊಳ್ಳುತ್ತಿಲ್ಲ.

ಹಜೀರಾಬೀಯದು ಸ್ಟೇಷನ್ ರಸ್ತೆಯ ಚಹಾ ಗಾಡಿ. ಗಂಡ ತೀರಿಕೊಂಡ ಮೇಲೆ ಅದರ ಹಿಂದೆ ಹೋಗಿ ನಿಂತವಳು ಇನ್ನೂ ಕೂತಿಲ್ಲ. ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುಂಚೆ ಅಲ್ಲೇ ಸೇರುವುದು. ಆ ಜನಕ್ಕೆ ಚಹಾ ಎಂದರೆ ಮೊದಲು ಸಕ್ಕರೆ, ಆಮೇಲೆ ಮಿಕ್ಕಿದ್ದು. ಗ್ಲಾಸಿನ ತಳದಲ್ಲಿ ಒಂದಿಷ್ಟು ಕರಗದೆ ಉಳಿಯದಿದ್ದರೆ, ಮಗಳ ಮದುವೆಗೆ ಕೂಡಿಡ್ತಿದ್ದೀಯೇನು ಎಂದು ಛೇಡಿಸುತ್ತಾರೆ.

ಸಂಘದ ಅಧ್ಯಕ್ಷ ಜಂಬಯ್ಯ ಅವರೆಲ್ಲರಿಗಿಂತ ಒಂದು ಕೈ ಮೇಲು. ಹೆಗಲ ಮೇಲೆ ಎಮ್ಮೆ ಚರ್ಮದಂಥ ಗಡ್ಡೆ, ಘೋಷಣೆ ಕೂಗಿ ಕೂಗಿ ಒಡೆದ ಗಂಟಲು. ಅವನಿಗೆ ಶುಗರ್ ಇದೆ ಎಂದು ಡಾಕ್ಟರು ಹೇಳಿದ ದಿನ ಗಾಡಿಯ ಮುಂದೆ ಬಂದು ಕೋರ್ಟಿನಲ್ಲಿ ಸೋತವನ ಹಾಗೆ ಕೂತ. ಹಜೀರಾಬೀ ಸಕ್ಕರೆ ಹಾಕದ ಚಹಾ ಕೊಟ್ಟಳು. ಒಂದು ಗುಟುಕು ಕುಡಿದು ಉಳಿದದ್ದನ್ನು ಚರಂಡಿಗೆ ಚೆಲ್ಲಿದ. ಮರುದಿನ ಗಾಡಿಯ ಕಡೆಗೆ ಬರಲೇ ಇಲ್ಲ.

ಅದು ಆಕೆಗೆ ನಾಟಿತು. ಅವಳ ಗಾಡಿಯನ್ನು ಒಮ್ಮೆ ನಗರಸಭೆಯವರು ರಸ್ತೆಯಿಂದ ಎತ್ತಿಸಲು ಬಂದಾಗ ಚಕ್ರದ ಕೆಳಗೆ ಅಡ್ಡ ಮಲಗಿದವನು ಜಂಬಯ್ಯ. ಅಂಥವನಿಗೆ ಒಂದು ಗ್ಲಾಸು ಚಹಾ ಕುಡಿಸಲಾಗದಿದ್ದರೆ ಈ ಗಾಡಿ ಯಾತಕ್ಕೆ? ಹಮಾಲರೆಲ್ಲ ಒಂದೇ ಸಲಹೆ ಕೊಟ್ಟರು: ಬೆಲ್ಲ ಹಾಕು, ಬೆಲ್ಲಕ್ಕೆ ಶುಗರ್ ಇಲ್ಲ. ಆಕೆಯೂ ನಂಬಿದಳು. ಕುದಿಯುವ ಹಾಲಿಗೆ ಹಾಕಿ ಒಂದು ಪಾತ್ರೆ ಚಹಾ ಒಡೆಸಿಕೊಂಡಳು, ಇಳಿಸಿದ ಮೇಲೆ ಹಾಕಬೇಕೆಂದು ಕಲಿತಳು. ಜಂಬಯ್ಯ ಮತ್ತೆ ಬಂದ. ಔಷಧಿ ಎಂಬಂತೆ ಒಂದರ ಜಾಗದಲ್ಲಿ ಎರಡು ಗ್ಲಾಸು ಏರಿಸಿದ.

ಮುಂದಿನ ತಪಾಸಣೆಯಾದ ಸಂಜೆ ಗಾಡಿಗೆ ಬಂದದ್ದು ಅವನಲ್ಲ, ಅವನ ಹೆಂಡತಿ ಮೈಲಮ್ಮ. ಶುಗರ್ ಇಳಿಯುವುದಿರಲಿ, ಅಟ್ಟ ಹತ್ತಿತ್ತು.

“ಏನವ್ವ ಹಜೀರಾ, ನನ್ನ ಗಂಡನ ಕಾಲು ತೆಗಿಸಬೇಕಂತ ಮಾಡೀಯೇನು?” ಎಂದಳು. “ಬೆಲ್ಲ ಏನು ಹುಣಸೆಹಣ್ಣಿಂದ ಮಾಡ್ತಾರಾ? ಅದೂ ಕಬ್ಬೇ, ಇದೂ ಕಬ್ಬೇ.”

ಹಜೀರಾಬೀ ಬೆಲ್ಲವನ್ನು ಗಾಡಿಯಿಂದ ಕೆಳಗಿಳಿಸಿದಳು. ಮರುದಿನ ಗಾಡಿಗೆ ರಜೆ ಹಾಕಿ ದಾವಣಗೆರೆ ಬಸ್ಸು ಹತ್ತಿದಳು.

ಮಂಡಿಪೇಟೆಯಲ್ಲಿ ಆಕೆ ಮೊದಲಿನಿಂದಲೂ ಸಕ್ಕರೆ ಒಯ್ಯುವ ಅಂಗಡಿಯೊಂದಿದೆ. ಮಾಲೀಕ ನಾಗಭೂಷಣ್, ಬಾಯಿ ತುಂಬ ಮಾತು. ಶುಗರ್ ಇದ್ದವರಿಗೆ ಹಾಕುವಂಥದ್ದು ಬೇಕು ಎಂದದ್ದೇ ತಡ, ಗಲ್ಲಾದ ಮೇಲೆ ಸಂತೆಯನ್ನೇ ಹರವಿದ. ಕೆಂಪು ಸಕ್ಕರೆ ಮುಟ್ಟಬೇಡ, ಅದು ಬಣ್ಣ ಬದಲಾದ ಅದೇ ಮಾಲು ಎಂದ. ಕಲ್ಲುಸಕ್ಕರೆಗೂ ಅದೇ ಮಾತು. ಯಾವುದೋ ಎಲೆಯಿಂದ ತೆಗೆದ ಹಸಿರು ಡಬ್ಬಿಯ ಪುಡಿಯನ್ನು ಆಕೆಯ ಅಂಗೈಗೆ ಉದುರಿಸಿದ. ನೆಕ್ಕಿ ನೋಡಿದಳು. ಮೊದಲು ಸಿಹಿ, ಹಿಂದಿನಿಂದ ಬೇವಿನ ಕಹಿ. ಹಮಾಲರು ಇದನ್ನು ಮುಖಕ್ಕೆ ಉಗಿಯುತ್ತಾರೆ ಎಂದು ಬದಿಗೆ ಸರಿಸಿದಳು. ಕೊನೆಗೆ ಸಣ್ಣ ಗುಳಿಗೆಗಳ ಡಬ್ಬಿ ಬಂತು. ಒಂದನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಇದು ನಡೆಯುತ್ತದೆ ಅನ್ನಿಸಿತು.

“ಇದರಾಗೆ ಏನು ಐತ್ರಿ ಸಾವ್ಕಾರ್ರೆ?”

“ಏನೂ ಇಲ್ಲ, ಅದಕ್ಕೇ ತಗೋ,” ಎಂದ ನಾಗಭೂಷಣ್. “ನಾಲಿಗೀಗೆ ಸಿಹಿ, ಮೈಗೆ ಸೊನ್ನೆ. ಕುದಿಸಬ್ಯಾಡ, ಗ್ಲಾಸಿಗೆ ಹಾಕು. ಡಾಕ್ಟ್ರನ್ನೂ ಒಂದು ಮಾತು ಕೇಳಂತ ಹೇಳು ನಿಮ್ಮ ಜಂಬಯ್ಯಗೆ.”

ಡಾಕ್ಟರು ಆಗಲಿ ಎಂದರಂತೆ. ಅವತ್ತಿನಿಂದ ಗಾಡಿಯ ಮೇಲೆ ಎರಡು ಡಬ್ಬಿ: ಕೆಂಪು ಮುಚ್ಚಳದ್ದು ಸಕ್ಕರೆ, ನೀಲಿ ಮುಚ್ಚಳದ್ದು ಗುಳಿಗೆ. ನೀಲಿ ಡಬ್ಬಿಯ ಚಹಾ ಕುಡಿದ ಜಂಬಯ್ಯ ಮೀಸೆ ಒರೆಸಿಕೊಂಡು, ಇದು ಚಾ ಅಲ್ಲ, ಚಾದ ತಮ್ಮ, ಆದರೂ ಮನೆಯೊಳಗೆ ಬಿಟ್ಟುಕೊಳ್ಳಬಹುದು ಎಂದ. ಆಮೇಲೆ ನೋಡಿದರೆ ಊರಿನಲ್ಲಿ ಶುಗರ್ ಮಂದಿ ಎಷ್ಟಿದ್ದಾರೆ! ಸ್ಟೇಷನ್ನಿನ ಗುಮಾಸ್ತರು, ಆಟೋದವರು, ಮಲೆಬೆನ್ನೂರಿಂದ ಬರುವ ಭತ್ತದ ದಲ್ಲಾಳಿಗಳು ಎಲ್ಲರೂ ತಗ್ಗಿದ ದನಿಯಲ್ಲಿ, ನಂದು ನೀಲಿದು ಎನ್ನತೊಡಗಿದರು. ಮೈಲಮ್ಮನೂ ಬಂದು ಕುಡಿದು ನೋಡಿ, ಬೈದದ್ದನ್ನು ವಾಪಸು ತಗೊಳ್ಳದೆ ಒಂದು ಸೇರು ಮಂಡಕ್ಕಿ ಕೊಟ್ಟು ಹೋದಳು. ಅಷ್ಟರಲ್ಲೇ ರಾಜಿ ಆಯಿತು.

ಆ ಬೇಸಿಗೆಯಲ್ಲೇ ಒಂದು ಗಿರಣಿಯ ಮುಂದೆ ಧರಣಿ ಬಿತ್ತು. ಐವತ್ತು ಕೇಜಿ ಎಂದು ಬರೆದ ಚೀಲಕ್ಕೆ ಅರವತ್ತು ಎಪ್ಪತ್ತು ತುಂಬಿ ಹೊರಿಸುತ್ತಿದ್ದರು. ಹಮಾಲರ ಬೆನ್ನು ಮುರಿದು ಮಾಲೀಕರು ಚೀಲದ ಲೆಕ್ಕದ ಕೂಲಿ ಉಳಿಸುವ ವ್ಯವಹಾರ ಅದು. ಚೀಲ ಐವತ್ತು ದಾಟಬಾರದು ಎಂಬುದೊಂದೇ ಬೇಡಿಕೆ. ಗಿರಣಿಯವರು ಮಾತುಕತೆಗೇ ಬರದಿದ್ದಾಗ ಜಂಬಯ್ಯ ಉಪವಾಸ ಕೂರುವುದಾಗಿ ಹೇಳಿದ. ಶುಗರ್ ಇದ್ದವನು ಕೂರಬಾರದು ಎಂದು ಮೈಲಮ್ಮ ಜಗಳ ತೆಗೆದಳು. ಊಟವೇ ಮಾಡದಿದ್ದರೆ ಶುಗರ್ ಎಲ್ಲಿಂದ ಬರುತ್ತದೆ, ಇದೇ ಒಳ್ಳೇ ಪಥ್ಯ ಎಂದು ಅವಳ ಬಾಯಿ ಮುಚ್ಚಿಸಿದ. ಎಲ್ಲರಿಗೂ ಹೌದೆನ್ನಿಸಿತು. ಬೆಳಗ್ಗೆ ಎದ್ದು ರೂಢಿಯಂತೆ ಡಾಕ್ಟರು ಬರೆದುಕೊಟ್ಟ ಶುಗರ್ ಗುಳಿಗೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಶಾಮಿಯಾನದ ಕೆಳಗೆ ಕೂತ. ಹಜೀರಾಬೀ ಗಾಡಿಯನ್ನೇ ಅಲ್ಲಿಗೆ ತಳ್ಳಿಕೊಂಡು ಬಂದಿದ್ದಳು.

ಮಧ್ಯಾಹ್ನ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬಿಸಿಲೆಂದರು. ಕೈ ನಡುಗಿತು. ಸಿಟ್ಟೆಂದರು. ಆಮೇಲೆ ಮೈಕು ಹಿಡಿದು ಗಿರಣಿಯ ಮಾಲೀಕನಿಗೆ ಜೈ ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಹಜೀರಾಬೀ ನಗಲಿಲ್ಲ, ಹತ್ತಿರ ಹೋಗಿ ನೋಡಿದಳು. ಅವನು ಆಕೆಯನ್ನು ನೋಡಿ, ಯಾರವ್ವ ನೀನು ಎಂದ.

ಆಕೆ ಗಾಡಿಗೆ ಓಡಿದಳು. ನಿಂಬೆಹಣ್ಣು ಹಿಂಡಿದಳು. ಕೈ ತಾನಾಗಿ ನೀಲಿ ಮುಚ್ಚಳಕ್ಕೆ ಹೋಯಿತು, ಜಂಬಯ್ಯನ ಡಬ್ಬಿ ಅದೇ ತಾನೇ? ನಾಲ್ಕಾರು ಗುಳಿಗೆ ಕಲಸಿ ಷರಬತ್ತು ತಂದಾಗ ಸಂಘದ ಕಾರ್ಯದರ್ಶಿ ಉಚ್ಚೆಂಗಪ್ಪ ತಡೆದ. ಗಿರಣಿಯ ಕಾಂಪೌಂಡಿನ ಮೇಲೆ ಇಬ್ಬರು ವಿಡಿಯೊ ಮಾಡಲು ಫೋನು ಹಿಡಿದು ಕೂತಿದ್ದರು. ಅಧ್ಯಕ್ಷ ಕದ್ದು ಕುಡಿದ ಎಂದು ಸಂಜೆಯೊಳಗೆ ಊರೆಲ್ಲ ಹರಡುತ್ತಿದ್ದರು. ಇದರಲ್ಲಿ ಏನೂ ಇಲ್ಲ, ಉಪವಾಸ ಮುರಿಯುವುದಿಲ್ಲ ಎಂದು ಆಕೆ ಡಬ್ಬಿಯನ್ನೇ ತೋರಿಸಿದಳು. ಉಚ್ಚೆಂಗಪ್ಪ ಒಪ್ಪಿದ. ಜಂಬಯ್ಯ ಕುಡಿದ.

ಏನೂ ಆಗಲಿಲ್ಲ. ಬೆವರು ಹಾಗೇ ಸುರಿಯಿತು, ತಲೆ ಎದೆಯ ಮೇಲೆ ವಾಲಿತು. ಮೈಲಮ್ಮ ಅವನ ಕೆನ್ನೆ ತಟ್ಟುತ್ತಿದ್ದಳು. ಖಾಲಿ ಗ್ಲಾಸು ಹಿಡಿದು ನಿಂತ ಹಜೀರಾಬೀಗೆ ಮಂಡಿಪೇಟೆಯ ಮಾತು ಕಿವಿಯಲ್ಲಿ ಹೊಡೆಯಿತು: ಮೈಗೆ ಸೊನ್ನೆ. ಬೆಳಗ್ಗಿನಿಂದ ಮೈಯಲ್ಲಿ ಇದ್ದದ್ದೂ ಸೊನ್ನೆ, ತಾನು ಕುಡಿಸಿದ್ದೂ ಸೊನ್ನೆ. ಬೆಳಗ್ಗೆ ನುಂಗಿದ ಡಾಕ್ಟರ ಗುಳಿಗೆ ಮಾತ್ರ ಒಳಗೆ ಶುಗರ್ ಇಳಿಸುತ್ತಲೇ ಇದೆ.

ಕೆಂಪು ಮುಚ್ಚಳ ಕಿತ್ತು ಮೂರು ಚಮಚ ಸಕ್ಕರೆಯನ್ನು ಅರ್ಧ ಗ್ಲಾಸು ನೀರಿಗೆ ಸುರಿದು ಕಲಕಿದಳು. ಉಚ್ಚೆಂಗಪ್ಪ ಮತ್ತೆ ಅಡ್ಡ ಬಂದ. ಸಕ್ಕರೆ ವಿಷ ಅವನಿಗೆ, ಮೇಲಾಗಿ ಹೋರಾಟದ ಮಾನ ಹೋಗುತ್ತದೆ ಎಂದ.

“ಉಪವಾಸ ನಾಳೆ ಇನ್ನೊಬ್ಬರು ಕೂಡ್ರಿ,” ಎಂದಳು ಹಜೀರಾಬೀ, ದನಿ ಏರಿಸದೆ. “ಜಂಬಣ್ಣನ್ನ ನಾಳೆ ಎಲ್ಲಿಂದ ತರ್ತೀರಿ? ಸರಿ ಆಕಡೆ.”

ಅವನು ಸರಿದ. ಮೈಲಮ್ಮ ಗಂಡನ ತಲೆ ಎತ್ತಿ ಹಿಡಿದಳು. ಅವನಿಗಿನ್ನೂ ನುಂಗುವಷ್ಟು ಎಚ್ಚರವಿತ್ತು. ಗುಟುಕು ಗುಟುಕಾಗಿ ಒಳಗೆ ಹೋಯಿತು. ಯಾರೋ ಆಟೋ ತಂದರು. ಹತ್ತಿಸುವ ಹೊತ್ತಿಗೆ ಅವನ ನೋಟ ನೆಲೆಗೆ ಬಂತು, ಮನುಷ್ಯರ ಗುರುತು ಸಿಕ್ಕಿತು.

“ಹಜೀರಕ್ಕ,” ಎಂದ, ತುಟಿ ನೆಕ್ಕಿಕೊಂಡು, “ಇದು ಕೆಂಪು ಡಬ್ಬೀದಲ್ಲೇನು? ಮೈಲಮ್ಮಗೆ ಹೇಳಬ್ಯಾಡ.”

ಅವನ ತಲೆ ಮೈಲಮ್ಮನ ತೊಡೆಯ ಮೇಲೇ ಇತ್ತು. ಆಕೆ ಅಲ್ಲಿಯೇ ಅತ್ತಳು, ಬೈದಳು, ಮತ್ತೆ ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು ಶುಗರ್ ಪಾತಾಳಕ್ಕೆ ಇಳಿದಿತ್ತು, ಸಕ್ಕರೆ ಕುಡಿಸಿದ್ದೇ ಉಳಿಸಿತು ಎಂದರು. ಗುಳಿಗೆ ನುಂಗಿ ಉಪವಾಸ ಕೂತದ್ದಕ್ಕೆ ಜಂಬಯ್ಯನಿಗೆ ಚೆನ್ನಾಗಿ ಉಗಿದರು. ಮರುದಿನ ಉಚ್ಚೆಂಗಪ್ಪನೇ ಉಪವಾಸ ಕೂತ. ಆ ವಾರವೇ ಗಿರಣಿಯವರು ಮಾತಿಗೆ ಬಂದರು. ಈಗ ಅಲ್ಲಿ ಚೀಲ ಐವತ್ತಕ್ಕೆ ನಿಲ್ಲುತ್ತದೆ, ತೂಕದ ಹತ್ತಿರ ಹಮಾಲನೊಬ್ಬ ನಿಂತು ನೋಡುತ್ತಾನೆ. ವಿಜಯೋತ್ಸವದಲ್ಲಿ ಹಾರ ಬಿದ್ದದ್ದು ಮುಖಂಡರ ಕೊರಳಿಗೆ. ಹಜೀರಾಬೀ ಆ ಹೊತ್ತು ಅದೇ ಸಭೆಗೆ ಚಹಾ ಸೋಸುತ್ತಿದ್ದಳು.

ಜಂಬಯ್ಯ ಆಕೆಯ ಮೂರು ಚಮಚವನ್ನು ಮರೆಯುವ ಆಸಾಮಿಯಲ್ಲ. ಸಂಘದ ಪರವಾಗಿ ಒಂದು ಮೂಟೆ ಸಕ್ಕರೆ ಹೆಗಲ ಮೇಲೆ ಹೊತ್ತು ತಂದು ಗಾಡಿಯ ಮುಂದೆ ಇಳಿಸಿದ. ಆಕೆ ಮೂಟೆಯ ಕಡೆ ನೋಡಲಿಲ್ಲ. ಹಳೇ ಪೇಪರಿನಲ್ಲಿ ಮೂರು ಚಮಚ ಸಕ್ಕರೆ ಕಟ್ಟಿ ಅವನ ಅಂಗಿ ಜೇಬಿಗೆ ತುರುಕಿದಳು.

“ನನಗೆ ಕೊಡಬ್ಯಾಡ. ನಿನ್ನಂಗೆ ಕೈ ನಡುಗೋರು ಸಿಕ್ಕರೆ ಅವರಿಗೆ ಕೊಡು. ಮೂಟೆ ವಾಪಸ್ ತಗೊಂಡು ನಡಿ, ದಾರಿಗೆ ಅಡ್ಡ ಆಗೇತಿ.”

ಇವತ್ತಿಗೂ ಜಂಬಯ್ಯ ಕುಡಿಯುವುದು ನೀಲಿ ಡಬ್ಬಿಯ ಚಹಾ. ಜೇಬಿನಲ್ಲಿರುವುದು ಕೆಂಪು ಡಬ್ಬಿಯ ಸಕ್ಕರೆ. ಅವನನ್ನು ನೋಡಿ ಶುಗರ್ ಇರುವ ಹಮಾಲರೆಲ್ಲ ಒಂದೊಂದು ಪೊಟ್ಟಣ ಇಟ್ಟುಕೊಂಡಿದ್ದಾರೆ. ಸಂಘ ಬಾಕಿ ತೀರಿಸುತ್ತಿರುವುದು ಹೀಗೆ.

ನಿಮ್ಮ ಮನೆಯಲ್ಲೂ ಶುಗರ್ ಗುಳಿಗೆ ನುಂಗುವವರು ಇದ್ದಾರೆ. ಇಲ್ಲ ಎನ್ನಬೇಡಿ. ಇದನ್ನು ಇಲ್ಲಿಗೆ ಮಡಚಿಟ್ಟು ಎದ್ದು ಹೋಗಿ, ಅವರ ಜೇಬು ತಡಕಿ ನೋಡಿ. ಸಕ್ಕರೆ ಇಲ್ಲದಿದ್ದರೆ ಮೂರು ಚಮಚ ಕಟ್ಟಿ ಹಾಕಿ. ನಾಳೆಯಲ್ಲ, ಈಗ.