ತೊಯ್ದ ಹೊಟ್ಟು

ನೀರಗಂಟಿ ಕಾಕಾರ ಎರಡೂ ಕಾಲುಗಳ ಮೇಲೆ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ಒಂದೇ ಮಟ್ಟದಲ್ಲಿ ಗೆರೆಯಿತ್ತು. ಗೆರೆಯ ಮೇಲೆ ಕಪ್ಪು ಚರ್ಮ, ಕೆಳಗೆ ಬೂದಿಬಣ್ಣದ ಬಿರುಕು. ಗಂಗಾವತಿ ಹತ್ತಿರದ ನಮ್ಮ ಊರಿನ ಕಾಲುವೆಯಲ್ಲಿ ಮೂವತ್ತು ವರ್ಷ ನಿಂತ ಗುರುತು ಅದು. ತೂಬು ಎತ್ತಿ ಇಳಿಸಿ ಹೊಲಗಳಿಗೆ ನೀರು ಹಂಚುವುದು ಅವರ ಕೆಲಸ. ನಮ್ಮ ಮನೆಯ ಗೋಡೆಗೆ ಅವರ ಮನೆಯ ಗೋಡೆ. ಮಾತಾಡು ಮಾತಾಡು ಎಂದು ನನ್ನನ್ನು ಒತ್ತಾಯಿಸದ ಹಿರಿಯರು ಅವರೊಬ್ಬರೇ.

ಅವರ ಟವೆಲಿನ ಗಂಟಿನಲ್ಲಿ ಯಾವಾಗಲೂ ಒಂದು ಹಿಡಿ ಒದ್ದೆ ಭತ್ತದ ಹೊಟ್ಟು. ಯಾಕೆಂದು ನನಗೆ ತಿಳಿದದ್ದು ಒಂದು ಜಗಳದ ದಿನ. ನೀರು ಬರುತ್ತಿಲ್ಲವೆಂದು ಕೆಳಗಿನ ಹೊಲದವರು ಬಂದಿದ್ದರು. ಮೇಲಿನ ಹೊಲದ ಗೌಡರು ಕಾಲುವೆಗೆ ಒಣ ಹೊಟ್ಟು ಎರಚಿದರು. ಅದು ಸರ್ರನೆ ಓಡಿತು.

“ನೋಡ್ರಿ, ಕುದುರಿ ಓಡಿದಂಗ ಓಡಾಕತ್ತೈತಿ. ಇನ್ನೇನು ಬೇಕು ನಿಮಗ?”

“ಗೌಡ್ರ, ಅದು ಗಾಳಿ ಓಡಾಕತ್ತೈತ್ರಿ,” ಎಂದರು ಕಾಕಾ. “ಗಾಳಿಗೇ ಭತ್ತ ಬೆಳಿತಿದ್ರ ನನಗ್ಯಾಕ ಪಗಾರ ಕೊಡ್ತಿದ್ರು?”

ಗಂಟು ಬಿಚ್ಚಿ ಒದ್ದೆ ಹೊಟ್ಟು ಬಿಟ್ಟರು. ಅದು ತೇಲಲಿಲ್ಲ, ನೀರಿನೊಳಗೇ ನಿಧಾನ ಸಾಗಿತು. ದಂಡೆಯ ಮೇಲೆ ಅದರ ಜೊತೆ ಅವರೂ ಹೆಜ್ಜೆ ಎಣಿಸುತ್ತ ನಡೆದರು. ಗೌಡರು ತಾವೇ ಹೋಗಿ, ಪಾಲಿಗಿಂತ ಹೆಚ್ಚು ಎತ್ತಿಟ್ಟಿದ್ದ ತಮ್ಮ ತೂಬು ಇಳಿಸಿದರು.

“ನೀರಿನ ಮ್ಯಾಲೆ ಹೋಗೋದು ಬ್ಯಾರೆ, ನೀರಿನ ಜೋಡಿ ಹೋಗೋದು ಬ್ಯಾರೆ, ಯವ್ವಾ,” ಎಂದು ನನಗೆ ಹೇಳಿದರು.

ಈಗ ನನ್ನ ಸಂಶೋಧನೆ ಹೃದಯದ ರಕ್ತನಾಳಗಳ ಮಾದರಿಗಳ ಮೇಲೆ. ನಾಳ ಕಿರಿದಾದಾಗ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು, ಪಾರದರ್ಶಕ ಸಿಲಿಕೋನ್ ನಾಳದಲ್ಲಿ ಗ್ಲಿಸರಿನ್ ಬೆರೆಸಿದ ನೀರು ಹರಿಸುತ್ತೇವೆ. ಅದರಲ್ಲಿ ಗಾಜಿನ ಅತಿ ಸಣ್ಣ ಕಣಗಳನ್ನು ಬಿಟ್ಟು, ಲೇಸರ್ ಬೆಳಕು ಹಾಯಿಸಿ, ಬೆನ್ನುಬೆನ್ನಿಗೆ ಚಿತ್ರ ತೆಗೆದು, ಕಣ ಎಷ್ಟು ಸರಿಯಿತೆಂದು ಅಳೆಯುತ್ತೇವೆ. ಮೂರು ತಿಂಗಳು ನನ್ನ ಅಳತೆ ತಪ್ಪುತ್ತಲೇ ಇತ್ತು. ನಾಳದ ತುದಿಯಲ್ಲಿ ಪಾತ್ರೆಗೆ ಹಿಡಿದರೆ ಹರಿವು ಹೆಚ್ಚು, ಕಣಗಳ ಲೆಕ್ಕದಲ್ಲಿ ಕಡಿಮೆ. ಇನ್ನೊಂದು ತಿಂಗಳಲ್ಲಿ ಸರಿಯಾಗದಿದ್ದರೆ ಈ ವಿಷಯವನ್ನೇ ಕೈಬಿಡಬೇಕೆಂದರು ಮಾರ್ಗದರ್ಶಕರು.

ಅದನ್ನು ಮನೆಯಲ್ಲೂ ಹೇಳಿರಲಿಲ್ಲ. ಊರಿಗೆ ಹೋದಾಗ ಕಾಕಾರಿಗೆ ಹೇಳಿದೆ.

“ನಿನ್ನ ಹೊಟ್ಟು ಗಾಜಿಂದೇನು?”

“ಹೌದ್ರಿ ಕಾಕಾ. ಹಿಟ್ಟಿನಂಗ ಇರ್ತೈತಿ.”

“ಒಣಾ ಹಿಟ್ಟು ನೀರಿಗೆ ಹಾಕಿದ್ರ ಗಾಳಿ ಹಿಡಕೊಂಡು ಮ್ಯಾಲೆ ಬರ್ತೈತಿ. ನಿಮ್ಮವ್ವಗ ಕೇಳು. ತೊಯ್ಸಿಯೇನು?”

ತೊಯ್ಸಿರಲಿಲ್ಲ.

“ಇಷ್ಟು ಸಾಲಿ ಕಲ್ತು ಒಣಾ ಹೊಟ್ಟು ಹಾಕ್ಯಾಳ ನೋಡ್ರಿ ಇಕಿ, ಥೇಟ್ ಗೌಡ್ರಂಗ!” ಎಂದು ಅವ್ವನ ಕಡೆ ತಿರುಗಿ ನಕ್ಕರು.

ಮರಳಿ ಹೋಗಿ ಕಣಗಳನ್ನು ಒಂದು ದಿನ ನೆನೆಸಿ, ಕಲಕಿ, ಗಾಳಿ ಬಿಡಿಸಿದೆ. ಅಲ್ಲಿಯವರೆಗೆ ನಾಳದ ಮೇಲಂಚಿಗೆ ಸೇರಿ ತೆವಳುತ್ತಿದ್ದ ಕಣಗಳು ನಡುವಿನ ರಭಸಕ್ಕೆ ಬಂದವು. ಎರಡೂ ಅಳತೆ ತಾಳೆಯಾದವು.

ಆಮೇಲೆ ಒಮ್ಮೆ ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ. ಚಪ್ಪಲಿ ಹೊರಗೆ ಬಿಟ್ಟು ಬಂದು, ಪರದೆಯ ಮೇಲೆ ಹರಿವಿನ ಬಾಣಗಳು ಮೂಡುವುದನ್ನು ಬಹಳ ಹೊತ್ತು ನೋಡಿದರು. ಮಾರ್ಗದರ್ಶಕರು ಪಕ್ಕದಲ್ಲೇ ಇದ್ದರು.

“ಕಾಲುವಿ ಭಾಳ ಸಣ್ಣದೈತ್ರಿ ಸರ್,” ಎಂದರು ಕಾಕಾ ಅವರಿಗೆ. “ನೀರಗಂಟಿ ಛಲೋ ಅದಾಳ.”

ಕನ್ನಡ ಬಾರದ ಮಾರ್ಗದರ್ಶಕರಿಗೆ ಆ ಮಾತನ್ನು ನಾನು ಅನುವಾದಿಸಿ ಹೇಳಲಿಲ್ಲ. ನನ್ನಲ್ಲೇ ಇಟ್ಟುಕೊಂಡೆ.

ಹೋದ ಬೇಸಿಗೆಯಲ್ಲಿ, ಕಾಲುವೆಗೆ ನೀರು ನಿಲ್ಲಿಸಿದ್ದ ದಿನಗಳಲ್ಲಿ, ಕಾಕಾ ತೀರಿಕೊಂಡರು. ಪ್ರಯೋಗಾಲಯದಲ್ಲಿ ಈಗ ಕಣ ಹಾಕುವ ಮೊದಲು ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಾರೆ. ಮಾರ್ಗದರ್ಶಕರೂ ಕೇಳುತ್ತಾರೆ, ನನ್ನಿಂದ ಕಲಿತ ಕಾಕಾರ ಮಾತಿನಲ್ಲೇ: “ತೊಯ್ಸಿಯೇನು?”