ಒಂಬತ್ತು, ತೊಂಬತ್ತು

ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ನಾವೇ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹೊಳೆಗೆ ಅಣೆಕಟ್ಟು ಕಟ್ಟಲೆಂದು ಸರ್ವೆ ನಡೆಯುತ್ತಿತ್ತು. ಸರ್ವೆಯವರು ಅಳೆದು ತಂದ ಅಂಕಿಗಳನ್ನು ಕೂಡಿ ಕಳೆಯಲು ಸುಂಟಿಕೊಪ್ಪದ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿದ್ದರು. ಹುದ್ದೆಯ ಹೆಸರೇ ಕಂಪ್ಯೂಟರ್, ಅದೂ ಹಂಗಾಮಿ. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಓದುವವನು ನಾನು. ಬರೆಯುವವನು ನನಗಿಂತ ಕಿರಿಯ, ಮನೆಮಾತು ಮಲೆಯಾಳ, ಹೆಂಡತಿ ತುಂಬು ಬಸುರಿ.

ಹೊಳೆದಂಡೆಯಲ್ಲಿ ಹೋಗುತ್ತಾ ಅಳೆದ ಎತ್ತರವೂ ಬರುತ್ತಾ ಅಳೆದ ಎತ್ತರವೂ ತಾಳೆಯಾಗಬೇಕು. ನಮ್ಮದು ಆಗಲಿಲ್ಲ. ಶನಿವಾರದೊಳಗೆ ತಪ್ಪು ಸಿಗದಿದ್ದರೆ ಇಬ್ಬರೂ ಮನೆಗೆ ಹೋಗಿ ಎಂದುಬಿಟ್ಟರು ಸಾಹೇಬರು.

ನಾನು ಸರ್ವೆಯವರ ಪುಸ್ತಕ ಹಿಡಿದು ಮತ್ತೆ ಓದಿದೆ. ಅವನು ತಾನು ಬರೆದಿದ್ದ ಹಾಳೆಯ ಮೇಲೆ ಬೆರಳಿಟ್ಟುಕೊಂಡು ‘ಸರಿ, ಸರಿ’ ಎನ್ನುತ್ತಾ ಹೋದ. ಒಂದೊಂದು ಅಂಕಿಯೂ ಸರಿ, ಮೊತ್ತ ಮಾತ್ರ ತಪ್ಪು! ಎಷ್ಟು ಸಲ ಓದಿದರೂ ಇದೇ ಹಾಡು. ಉಳಿದ ಜೋಡಿಗಳು ನಮ್ಮನ್ನು ಕಾಫಿಗೆ ಕರೆಯುವುದನ್ನೂ ಬಿಟ್ಟರು, ನಮಗೆ ಸಿಡುಬು ಎದ್ದಿದೆಯೋ ಎಂಬಂತೆ. ನನಗೋ ಮೂಗಿನ ತುದಿಯಲ್ಲೇ ಕೋಪ.

“ನಿಂಗೆ ಕಿವಿ ಉಂಟಾ ಇಲ್ವಾ ಮಾರಾಯ?”

“ಕಿವಿ ಉಂಟು. ನಿಮ್ಮ ನಾಲಗೆ ಒಮ್ಮೆ ನೋಡಿಕೊಳ್ಳಿ.”

ಆಮೇಲೆ ಅಂಕಿಗಳನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. 

ಶನಿವಾರ ನನ್ನ ಗಂಟಲು ಕಟ್ಟಿಹೋಯಿತು. ಬೇರೆ ದಾರಿಯಿಲ್ಲದೆ ಪುಸ್ತಕ ಹಿಡಿದು ಅವನೇ ಓದಲು ಕುಳಿತ, ಅವನ ಹಾಳೆಯನ್ನು ನಾನು ಹಿಡಿದೆ. ಓದಿ ಓದಿ ಸುಸ್ತಾಗಿ ಒಂದು ಕಡೆ ಅವನ ಬಾಯಿಂದ ಮನೆಮಾತು ಜಾರಿತು.

“ತೊಣ್ಣೂರ್.”

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಒಂಬತ್ತು ಇತ್ತು.

“ಎಂತ ಅಂದೆ?”

“ತೊಂಬತ್ತು,” ಎಂದವನೇ ಹಾಗೇ ಬಾಯಿ ತೆರೆದು ಕುಳಿತ.

ಚಿಕ್ಕಂದಿನಿಂದ ತೊಂಬತ್ತಕ್ಕೆ ಅವನ ಕಿವಿಗೆ ತೊಣ್ಣೂರೇ ಗೊತ್ತು; ಒಂಬತ್ತಕ್ಕೆ ಮಾತ್ರ ಮಲೆಯಾಳದಲ್ಲೂ ಹೆಚ್ಚುಕಡಿಮೆ ನಮ್ಮ ಮಾತೇ. ನಾನು ಗಡಿಬಿಡಿಯಲ್ಲಿ ತೊಂಬತ್ತು ಎಂದಾಗಲೆಲ್ಲ ಅವನಿಗೆ ಕೇಳಿಸಿದ್ದು ಒಂಬತ್ತು. ಅವನು ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟ. ನನಗೂ ತಡೆಯಲಾಗಲಿಲ್ಲ.

ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ.

“ಅಂದ್ರೆ ಲೆಕ್ಕದ ತಪ್ಪಲ್ಲ, ಭಾಷೆದು. ಗೊತ್ತಾಗಿದ್ದು ಒಳ್ಳೇದೇ ಆಯ್ತು ಬಿಡ್ರಿ. ಸೋಮವಾರದಿಂದ ನಿಮ್ ಜೊತೆ ಕನ್ನಡದವರನ್ನೇ ಕೂರಿಸ್ತೀನಿ. ಇವರು ಇನ್ನು ಬರೋದು ಬೇಡ.”

ಇವನೇ ಓದಲಿ ಸಾರ್, ನಾನು ಬರೆಯುತ್ತೇನೆ ಎಂದೆ. ಕಟ್ಟಿದ ಗಂಟಲಿನಿಂದ ಹೊರಟದ್ದು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ. ಅವರು ಮುಂದಿನ ಕಾಗದ ಎತ್ತಿಕೊಂಡರು.

ಮಡಿಕೇರಿ ಬಸ್ಸಿಗೆ ಕಾಯುವಾಗ, ಮನೆಯಲ್ಲಿ ಏನು ಹೇಳುತ್ತೀಯ ಎಂದು ಕೇಳಿದೆ.

“ತಪ್ಪು ಸಿಗ್ಲಿ ಅಂತ ಅವಳು ಹರಕೆ ಹೊತ್ತಿದ್ದಾಳೆ,” ಎಂದ. “ಹೆರಿಗೆ ಆಗುವವರೆಗೆ, ಸಿಕ್ಕಿತು ಅಂತ ಮಾತ್ರ ಹೇಳ್ತೇನೆ.”